ಹೊಸ್ತಿಲ ಹೊರಗೆ ಹಿಟ್ಟು

ಯೆಹೂದಿ ಕೇರಿಯ ಕಮಾನು ದಾಟುವಾಗ ಸಂಜೆಯ ಬಾಂಗು ಶುರುವಾಯಿತು. ಜಿಲಾಲಿ ಅದಕ್ಕೇ ಕಾದಿದ್ದ. ಬಾಂಗು ಆಗುತ್ತಿದ್ದ ಹಾಗೆ ಸೆಫ್ರೂ ಪಟ್ಟಣದ ಓಣಿಗಳು ಯಾರೋ ಒರೆಸಿದಂತೆ ಖಾಲಿಯಾಗುತ್ತವೆ, ಗಂಡಸರೆಲ್ಲ ಮಸೀದಿಯೊಳಗಿರುತ್ತಾರೆ, ಆ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳದೆ ತಟ್ಟೆ ಕೊಟ್ಟು ಬಂದುಬಿಡಬಹುದು ಎಂದು ಮಧ್ಯಾಹ್ನದಿಂದ ಲೆಕ್ಕ ಹಾಕಿಕೊಂಡಿದ್ದ. ಹಿಟ್ಟು, ಹುದುಗು, ಬೆಣ್ಣೆ, ಹಾಲಿನ ಕುಡಿಕೆ ಇಟ್ಟಿದ್ದ ಆ ದೊಡ್ಡ ತಟ್ಟೆಯನ್ನು ಎದೆಗವಚಿಕೊಂಡು ಜೆಲ್ಲಾಬಾ ನಿಲುವಂಗಿಯ ಅಗಲ ತೋಳಿನಿಂದ ಮರೆಮಾಡಿದ್ದ. ಅಪ್ಪ ಹೀಗೆ ಒಯ್ಯುತ್ತಿರಲಿಲ್ಲ. ಅಪ್ಪ ಅದನ್ನು ತಲೆಯ ಮೇಲಿಟ್ಟುಕೊಂಡು, ಒಂದೇ ಕೈಯಲ್ಲಿ ಹಿಡಿದು, ಹಣ್ಣಿನ ಅಂಗಡಿಗಳ ನಡುವೆ ಮದುವೆಯ ದಿಬ್ಬಣದವನಂತೆ ಹೋಗುತ್ತಿದ್ದ. ಎದುರಾದವರು ಬೂಷ್ತಾ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಯೆಹೂದಿಗಳ ಹುಳಿಯಿಲ್ಲದ ರೊಟ್ಟಿಯ ಹಬ್ಬ ಮುಗಿಯುವ ಸಂಜೆ ದರ್ಜಿ ಬೂಷ್ತಾ ಮಖ್ಲೂಫನ ಮನೆಗೆ ಹಿಟ್ಟು ಒಯ್ಯುತ್ತಾನೆ, ಅಷ್ಟೆ. ಎಂಟು ದಿನ ಆ ಮನೆಯಲ್ಲಿ ಒಂದು ಚಿಟಿಕೆ ಹಿಟ್ಟಿರುವುದಿಲ್ಲ, ಹುದುಗಿನ ವಾಸನೆಯೂ ಇರುವುದಿಲ್ಲ. ಹಬ್ಬ ಮುಗಿದ ರಾತ್ರಿ, ಮಿಮೂನಾ ಎಂಬ ಸಡಗರದ ಮೊದಲ ರೊಟ್ಟಿಗೆ, ಹಿಟ್ಟು ಹೊರಗಿನವನ ಕೈಯಿಂದಲೇ ಬರಬೇಕು. ಈ ವರ್ಷ ಅಪ್ಪ ಇರಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡಿದ್ದ. ಹೋದ ವರ್ಷದ ಹಬ್ಬಕ್ಕೂ ಈ ಹಬ್ಬಕ್ಕೂ ನಡುವೆ, ದೂರದಲ್ಲಿ, ಯೆಹೂದಿ ರಾಷ್ಟ್ರಕ್ಕೂ ಅರಬರಿಗೂ ಒಂದು ಯುದ್ಧವೂ ಆಗಿಹೋಗಿತ್ತು.

ಹೋಗಬೇಕೋ ಬೇಡವೋ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಬೆಳಗ್ಗೆ ಶಾಲೆಗೆ ಹೊರಟಾಗ ಹೆಂಡತಿ ರಹ್ಮಾ ಜರಡಿ ಹಿಡಿದು ಹಿಟ್ಟು ಸಾಣಿಸುತ್ತಿದ್ದಳು. ಅಷ್ಟು ಹಿಟ್ಟು ಮನೆಯ ರೊಟ್ಟಿಗೆ ಬೇಕಾಗಿರಲಿಲ್ಲ. ಅವಳು ತಲೆಯೆತ್ತಲಿಲ್ಲ, ಅವನೂ ಕೇಳಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರಿಬ್ಬರ ದೊಡ್ಡ ಮಾತುಗಳೆಲ್ಲ ಹೀಗೆಯೇ ಆಗಿದ್ದವು. ಶಾಲೆಯಲ್ಲಿ ಅವತ್ತು ಹಿರಿಯ ತರಗತಿಗೆ ಇತಿಹಾಸದ ಪಾಠ. ಕಪ್ಪುಹಲಗೆಯ ತುಂಬ ಬಾಣಗಳನ್ನು ಎಳೆದಿದ್ದ. ಮದೀನಾದ ಒಪ್ಪಂದ ಮತ್ತು ಅದು ಮುರಿದದ್ದು, ಶಿಲುಬೆಯ ಹೆಸರಿನಲ್ಲಿ ಕಡಲು ದಾಟಿ ಬಂದ ಸೈನ್ಯಗಳು, ಅಂದಲೂಸಿಯಾದಿಂದ ಮುಸಲ್ಮಾನರು ಯೆಹೂದಿಗಳು ಇಬ್ಬರನ್ನೂ ಹೊರಹಾಕಿದ ರಾಜರಾಣಿಯರು, ಒಂದೇ ನೆಲವನ್ನು ಇಬ್ಬರಿಗೂ ಕೊಡುತ್ತೇವೆಂದು ಬ್ರಿಟಿಷರು ಮಾತುಕೊಟ್ಟದ್ದು, ನಲವತ್ತೆಂಟರ ಯುದ್ಧ, ಐವತ್ತಾರರದು, ಕೊನೆಗೆ ಹೋದ ಜೂನಿನದು. ಒಂದೊಂದು ಬಾಣವೂ ಮುಂದಿನದಕ್ಕೆ ಹೋಗಿ ಚುಚ್ಚುತ್ತಿತ್ತು. ಹೀಗೆ ಬಾಣ ಎಳೆಯುವುದನ್ನು ಅವನಿಗೆ ಕಲಿಸಿದವನು ಲಿಯೋನಿನಿಂದ ಬಂದಿದ್ದ ಫ್ರೆಂಚ್ ಮೇಷ್ಟ್ರು. ಶಿಲುಬೆಯ ಯುದ್ಧಗಳ ಬಗ್ಗೆ ಜಿಲಾಲಿ ಬರೆದ ಪ್ರಬಂಧವನ್ನು ತರಗತಿಗೆ ಓದಿ ಹೇಳಿ, ಚೆನ್ನಾಗಿದೆ, ಸೋತವನ ಮೊಮ್ಮಗ ಬರೆದಂತಿದೆ ಎಂದು ನಕ್ಕಿದ್ದ. ಆ ನಗೆ ಎಷ್ಟೋ ವರ್ಷ ಅವನ ಕುತ್ತಿಗೆಯ ಹಿಂದೆ ಕೂತಿತ್ತು. ಇವತ್ತು ಬಾಣಗಳೆಲ್ಲ ಮುಗಿದ ಮೇಲೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮೂರಿನ ಯೆಹೂದಿಗಳು ಇದ್ರಲ್ಲಿ ಯಾವ ಬಾಣ?” ಎಂದು ಕೇಳಿದಳು. ಕುಚೋದ್ಯವಲ್ಲ, ನಿಜವಾಗಿಯೇ ಕೇಳಿದ್ದಳು. ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಅವನು ಹಲಗೆ ಒರೆಸತೊಡಗಿದ.

ಮಖ್ಲೂಫನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪವಿರಲಿಲ್ಲ. ಜಿಲಾಲಿ ಬಾಗಿಲು ತಟ್ಟಿ, ಬಲಗಾಲನ್ನು ಹೊಸ್ತಿಲ ಮೇಲಿಡಲು ಎತ್ತಿದ.

“ಯಾರದು? ನಿಲ್ಲು! ಅಲ್ಲೇ ನಿಲ್ಲು! ಕಾಲು ಇಡಬೇಡ!”

ಕತ್ತಲೊಳಗಿಂದ ಬಂದ ದನಿ ಊರವರು ಗೌರವದಿಂದ ಲಾಲ್ಲಾ ಎನ್ನುವ ಫ್ರೇಹಾಳದು, ಮಖ್ಲೂಫನ ಹೆಂಡತಿಯದು. ಜಿಲಾಲಿಯ ಕಾಲು ಗಾಳಿಯಲ್ಲೇ ಉಳಿಯಿತು. ಇದೇ, ಇದಕ್ಕೇ ತಾನು ಹೆದರಿದ್ದು, ಬಾಗಿಲಿನಿಂದಲೇ ಅಟ್ಟುತ್ತಿದ್ದಾಳೆ ಎಂದುಕೊಂಡ. ಹಾಗಾದರೆ ಅವಳಿಗೆ ಗೊತ್ತಿದೆ.

“ನಾನು ಜಿಲಾಲಿ. ಬೂಷ್ತಾ ಅವರ ಮಗ,” ಎಂದ, ಹುಟ್ಟಿದಾಗಿನಿಂದ ಅವನನ್ನು ಕಂಡಿದ್ದ ಹೆಂಗಸಿಗೆ.

“ಗೊತ್ತಾಯ್ತು ಕಣೋ, ಕಣ್ಣೇನು ಹೋಗಿಲ್ಲ. ಕೈಯಲ್ಲಿರೋದೇನು? ಹಿಟ್ಟಾ? ಹುದುಗೂ ತಂದಿದ್ದೀಯಾ?” ಅವಳು ಬಾಗಿಲ ಬಳಿ ಬಂದು, ಹಾವು ಕಂಡವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. “ಅಯ್ಯೋ ನನ್ನ ಕರ್ಮವೇ. ಹಬ್ಬ ಇನ್ನೂ ಮುಗ್ದಿಲ್ಲ ಮಗನೇ!”

“ಬಾಂಗಾಯ್ತಲ್ಲ, ಲಾಲ್ಲಾ. ಸೂರ್ಯ ಮುಳುಗಿದ.”

“ಸೂರ್ಯ ಮುಳುಗಿದ್ರೆ ನಿಮಗೆ ದಿನ ಮುಗೀತು. ನಮಗೆ ಮೂರು ಚುಕ್ಕಿ ಕಾಣ್ಬೇಕು. ಅಲ್ಲೀವರೆಗೂ ಅದು ಈ ಹೊಸ್ತಿಲು ದಾಟೋ ಹಾಗಿಲ್ಲ. ಇಷ್ಟು ವರ್ಷ ನಮ್ಮ ಗೋಡೆ ಪಕ್ಕದಲ್ಲೇ ಬೆಳ್ದು ಇಷ್ಟೂ ಗೊತ್ತಿಲ್ವೇನೋ ನಿನಗೆ? ಮಕ್ಕಳಿಗೆ ಏನು ಪಾಠ ಹೇಳ್ತೀಯೋ!”

ಗೊತ್ತಿರಲಿಲ್ಲ. ರಂಜಾನಿನ ಉಪವಾಸ ಬಾಂಗಿಗೆ ಬಿಡುವಂತೆ ಇವರ ಹಬ್ಬವೂ ಬಾಂಗಿಗೇ ಬಿಡುತ್ತದೆಂದು ಅವನು ಯೋಚಿಸದೆಯೇ ನಂಬಿದ್ದ. ಅಪ್ಪ ಯಾವ ಹೊತ್ತಿಗೆ ಹೊರಡುತ್ತಿದ್ದ? ನಮಾಜು ಮುಗಿಸಿ ಮನೆಗೆ ಬಂದು ಚಹಾ ಕುಡಿಯುತ್ತಿದ್ದ. ಮತ್ತೊಂದು ಲೋಟ ಕೇಳುತ್ತಿದ್ದ. ಅವಸರವೇ ಇಲ್ಲದ ಮುದುಕ ಎಂದು ಜಿಲಾಲಿಗೆ ಆಗೆಲ್ಲ ಸಿಡುಕು ಬರುತ್ತಿತ್ತು. ಆ ಎರಡನೆಯ ಲೋಟ ಚಹಾ ನಕ್ಷತ್ರಗಳಿಗಾಗಿತ್ತು ಎಂಬುದು ಈಗ, ಹುದುಗನ್ನೂ ಹಿಟ್ಟನ್ನೂ ಎದೆಗವಚಿಕೊಂಡು ಶತ್ರುವಿನಂತೆ ಅವರ ಬಾಗಿಲಲ್ಲಿ ನಿಂತಾಗ ತಿಳಿಯಿತು. ಯಾರಾದರೂ ಕಂಡರೆ ಬೇಕೆಂದೇ ಅಣಕಿಸಲು ಬಂದಿದ್ದಾನೆ ಅನ್ನುವುದಿಲ್ಲವೇ?

“ಹಾಗಾದ್ರೆ ಹೋಗಿ ಬರ್ತೀನಿ, ಲಾಲ್ಲಾ. ಕತ್ತಲಾದ ಮೇಲೆ.”

ಬಾಗಿಲ ಚೌಕಟ್ಟಿನಲ್ಲಿ ಫ್ರೇಹಾಳ ಬಿಳಿ ತಲೆವಸ್ತ್ರವಷ್ಟೇ ಕಾಣುತ್ತಿತ್ತು. ಹೋಗಿ ಬರುತ್ತೇನೆಂಬ ಮಾತನ್ನು ಈ ಒಂದು ವರ್ಷದಲ್ಲಿ ಅವಳು ಎಷ್ಟು ಜನರಿಂದ ಕೇಳಿದ್ದಳೋ. ತಂಗಿಯಿಂದ, ಎದುರುಮನೆಯವರಿಂದ, ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿ ದೇಶ ಬಿಟ್ಟ ಕೇರಿಯ ಅರ್ಧ ಜನರಿಂದ. ಜಿಲಾಲಿಗೆ ತನ್ನ ಮಾತು ತನಗೇ ಕೇಳಿಸಿತು. ಮನೆಗೆ ಹೋದರೆ ತಟ್ಟೆಯನ್ನು ಅಡುಗೆಮನೆಯಲ್ಲಿಡುತ್ತಾನೆ, ರಹ್ಮಾ ಏನೂ ಕೇಳುವುದಿಲ್ಲ, ಒಂದು ಲೋಟ ಚಹಾ ಕುಡಿಯುತ್ತಾನೆ, ಮತ್ತೆ ಏಳುವುದಿಲ್ಲ. ಇದು ಅವನಿಗೆ ತನ್ನ ಅಂಗೈಯಷ್ಟು ಸ್ಪಷ್ಟವಾಗಿತ್ತು.

“ಇಲ್ಲ. ಇಲ್ಲೇ ಕಾಯ್ತೀನಿ,” ಎಂದ.

“ಕಾಯ್ತೀಯಾ?” ಅವಳ ದನಿ ಬದಲಾಯಿತು. “ಹಾಗಾದ್ರೆ ಕೂತ್ಕೋ. ಇಲ್ಲಿ ಒಳಗೆ ಒಂದು ಸಣ್ಣ ಮಣೆ ಇದೆ. ಇವತ್ತು ಶನಿವಾರ, ನಮ್ಮ ವಿಶ್ರಾಂತಿ ದಿನ, ನಾನು ಎತ್ತಿ ಬೀದಿಗೆ ಕೊಡೋ ಹಾಗಿಲ್ಲ. ನೀನೇ ಕೈ ಚಾಚಿ ತಗೋ. ಏಯ್, ತಟ್ಟೆ ಮೊದಲು ಕೆಳಗಿಡು! ಕೈಯಲ್ಲಿ ಹಿಟ್ಟಿದೆ, ಒದರು. ಇನ್ನೂ ಒದರು. ತೋಳಲ್ಲೂ ಇದೆ ನೋಡು, ಗಿರಣಿಯವನ ಹಾಗೆ ಬಂದಿದ್ದೀಯ.”

ಸರಕಾರಿ ಶಾಲೆಯ ಇತಿಹಾಸದ ಅಧ್ಯಾಪಕ ಬೀದಿಯಲ್ಲಿ ನಿಂತು ತೋಳು ಒದರಿ, ಮೊಣಕಾಲೂರಿ, ಕಳ್ಳನಂತೆ ಕತ್ತಲೊಳಗೆ ಕೈಹಾಕಿ ಮಣೆ ಎಳೆದುಕೊಂಡ. ಅವನು ಹೊರಗೆ, ಅವಳು ಒಳಗೆ ನೆಲದ ಮೇಲೆ, ನಡುವೆ ಸವೆದ ಕಲ್ಲಿನ ಹೊಸ್ತಿಲು, ಅವನ ಪಾದದ ಬಳಿ ಬಿಳಿ ಬಟ್ಟೆ ಹೊದ್ದ ತಟ್ಟೆ. ಬಟ್ಟೆಯಂಚಿನಿಂದ ಹಸಿ ಗೋಧಿಯ ತೆನೆಗಳು ಚಾಚಿಕೊಂಡಿದ್ದವು. ಇನ್ನು ಮರೆಮಾಡಲು ಏನೂ ಇರಲಿಲ್ಲ.

“ನಿಮ್ಮೆಜಮಾನರು?”

“ಪ್ರಾರ್ಥನೆಗೆ ಹೋಗಿದ್ದಾರೆ. ಚುಕ್ಕಿ ಕಂಡ ಮೇಲೆ ಬರ್ತಾರೆ. ನನಗೆ ಇಲ್ಲಿಂದ ಆಕಾಶ ಕಾಣಲ್ಲ, ಆ ತುಂಡು ಗೋಡೆ ಅಡ್ಡ. ನೀನೇ ನೋಡ್ತಿರು, ಕಂಡ್ರೆ ಹೇಳು. ನಿನ್ನ ಸಾಕ್ಷಿ ನಮ್ಮ ರಬ್ಬಿ ಒಪ್ಪಲ್ಲ, ನನಗಂತೂ ಸಾಕು.”

ಅವನು ತಲೆಯೆತ್ತಿದ. ಎರಡು ಮಾಡುಗಳ ನಡುವೆ ಜೆಲ್ಲಾಬಾದ ಪಟ್ಟಿಯಷ್ಟೇ ಅಗಲದ ಆಕಾಶ, ಇನ್ನೂ ನೀಲಿ. ಮಖ್ಲೂಫ್ ಬರುತ್ತಾನೆ. ಬಾಂಗಿನ ಹೊತ್ತಿಗೆ ಬಂದು ಬಾಗಿಲಲ್ಲಿ ಫ್ರೇಹಾಳ ಕೈಗೆ ತಟ್ಟೆ ಕೊಟ್ಟು ಹೋದರೆ ಮಖ್ಲೂಫನ ಮುಖ ನೋಡಬೇಕಾಗುವುದಿಲ್ಲ ಎಂಬುದೂ ಆ ಮಧ್ಯಾಹ್ನದ ಲೆಕ್ಕದೊಳಗಿತ್ತು ಎಂದು ಈಗ ಒಪ್ಪಿಕೊಂಡ. ಹೋದ ಜೂನಿನಲ್ಲಿ, ಯುದ್ಧ ಮುಗಿದ ವಾರ. ರೇಡಿಯೋದಲ್ಲಿ ಮೊದಲು ಗೆಲುವು, ಆಮೇಲೆ ಗೆಲುವಿನ ಹಾಡು, ಆಮೇಲೆ ಹಾಡಿಲ್ಲದ ಮೌನ. ಯೆಹೂದಿಗಳ ಅಂಗಡಿಯಲ್ಲಿ ಕೊಳ್ಳಬೇಡಿ ಎಂದು ಪತ್ರಿಕೆಯೊಂದು ಬರೆದಿತ್ತು. ಅವನು ಜೊತೆಯ ಅಧ್ಯಾಪಕರೊಂದಿಗೆ ಅಂಚೆಕಚೇರಿಯ ಮುಂದೆ ಬರುತ್ತಿದ್ದ. ನೂಲಿನ ಅಂಗಡಿಯ ಹಲಗೆಯ ಮೇಲೆ ಮಖ್ಲೂಫ್ ಒಬ್ಬನೇ ಕೂತಿದ್ದ. ಇವನನ್ನು ಕಂಡೊಡನೆ ಎದ್ದು ನಿಂತು, ದಿನವೂ ಅನ್ನುವಂತೆ, ಹೆಸರಿಗೆ ಗೌರವದ ಸೀ ಸೇರಿಸಿ, “ಸಲಾಂ, ಸೀ ಜಿಲಾಲಿ” ಎಂದ. ಎರಡು ಸಲ ಅಂದ. ಎರಡನೆಯ ಸಲ ಇನ್ನಷ್ಟು ಗಟ್ಟಿಯಾಗಿ, ಪಾಪ, ಕೇಳಿಸಿಲ್ಲವೆಂದುಕೊಂಡು. ಜಿಲಾಲಿ ಪಕ್ಕದವನ ಕಡೆ ತಿರುಗಿ ಯಾವುದೋ ಪರೀಕ್ಷೆಯ ವಿಷಯ ಮಾತಾಡುತ್ತ ಮುಂದೆ ಹೋದ. ಅಷ್ಟೇ. ಕಲ್ಲೆಸೆಯಲಿಲ್ಲ, ಬೈಯಲಿಲ್ಲ. ಇಷ್ಟು ಸಣ್ಣದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಆದರೆ ಅವತ್ತಿನಿಂದ ಅವನಿಗೆ ಅಪ್ಪನ ಭಯ ಹಿಡಿಯಿತು. ಅಪ್ಪ ದಿನವೂ ಸಂಜೆ ಮಖ್ಲೂಫನ ಹಲಗೆಯ ಮೇಲೆ ಕೂರುವವನು. ಜೆಲ್ಲಾಬಾ ಕತ್ತರಿಸುವುದು ಅಪ್ಪ, ನೂಲು ಮಖ್ಲೂಫನದು, ರೇಷ್ಮೆ ಗುಂಡಿ ಕಟ್ಟುವುದು ಫ್ರೇಹಾ, ಮೂವತ್ತು ವರ್ಷ ಹೀಗೆ. ಆ ವರ್ಷ ಅಪ್ಪ ಮಾತು ಕಡಿಮೆ ಮಾಡಿದ. ಎದೆಯ ಕಾಯಿಲೆಯವನು ಮಾತು ಕಡಿಮೆ ಮಾಡುತ್ತಾನೆ. ಆದರೂ ಊಟಕ್ಕೆ ಕೂತಾಗ ಅಪ್ಪ ತನ್ನನ್ನು ನೋಡದೆ ರೊಟ್ಟಿ ಮುರಿದರೆ ಜಿಲಾಲಿಗೆ ಅನ್ನಿಸುತ್ತಿತ್ತು: ಮಖ್ಲೂಫ್ ಹೇಳಿದ್ದಾನೆ. ಕೊನೆಯ ದಿನ ಅಪ್ಪ ಕಣ್ಣು ತೆರೆದು ಅವನ ಮುಖವನ್ನು ಬಹಳ ಹೊತ್ತು ನೋಡಿ ಮತ್ತೆ ಮುಚ್ಚಿಕೊಂಡಿದ್ದ. ಆ ನೋಟ ಏನನ್ನು ಕೇಳುತ್ತಿತ್ತು? ತಿಳಿದು ಸತ್ತನೋ ತಿಳಿಯದೆ ಸತ್ತನೋ ಎಂಬುದನ್ನು ಜಗತ್ತಿನಲ್ಲಿ ಮಖ್ಲೂಫನೊಬ್ಬನೇ ಹೇಳಬಲ್ಲವನಾಗಿದ್ದ, ಅವನು ಸಂತಾಪಕ್ಕೆ ಬಂದಾಗ ಮೂಲೆಯಲ್ಲಿ ಕೂತು, “ನಿಮ್ಮಪ್ಪನ ಕತ್ತರಿ ಯಾವತ್ತೂ ವಾರೆ ಹೋಗ್ಲಿಲ್ಲ” ಎಂದಷ್ಟೇ ಹೇಳಿ ಎದ್ದುಹೋಗಿದ್ದ.

ಮಸೀದಿ ಬಿಟ್ಟಿತು. ಓಣಿಯ ತುದಿಯಲ್ಲಿ ಚಪ್ಪಲಿಗಳ ಸದ್ದು, ಕೆಮ್ಮು, ನಗು. ಮೊದಲು ಬಂದ ಇಬ್ಬರು ಮುದುಕರು ಸಲಾಂ ಹೇಳಿ, ತಟ್ಟೆ ನೋಡಿ, “ಬೂಷ್ತಾನ ಮೇಲೆ ದೇವರ ದಯೆಯಿರಲಿ” ಎಂದು ಮುಂದೆ ಹೋದರು. ಅವರ ಹಿಂದೆ ಲರ್ಬಿ ಬಂದ. ಅವನ ಶಾಲೆಯಲ್ಲೇ ಗಣಿತ ಕಲಿಸುವವನು. ಅವತ್ತು ಅಂಚೆಕಚೇರಿಯ ಮುಂದೆ ಪಕ್ಕದಲ್ಲಿದ್ದವನು.

“ಏನ್ರೀ ಮೇಷ್ಟ್ರೇ, ಬೀದೀಲಿ ಹಿಟ್ಟಿನ ಅಂಗಡಿ ಇಟ್ರಾ?”

ಯಾರಿಗೋ ಕಾಯುತ್ತಿದ್ದೇನೆ ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. “ಇವರ ಹಬ್ಬ ಮುಗೀಲಿ ಅಂತ ಕಾಯ್ತಿದ್ದೀನಿ,” ಎಂದ ಜಿಲಾಲಿ. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

“ಮುಗಿದಿಲ್ವಾ? ಒಳಗೂ ಬಿಡ್ಲಿಲ್ಲ ಅನ್ನಿ.” ಲರ್ಬಿ ನಕ್ಕ, ಆಮೇಲೆ ನಗು ಹಾರಿಹೋಯಿತು. “ಅಲ್ಲಿ ನಮ್ಮ ಜನ ಡೇರೆಯೊಳಗೆ ಮಲಗ್ತಿದ್ದಾರೆ, ಸೀ ಜಿಲಾಲಿ. ನಮ್ಮ ಪವಿತ್ರ ನಗರ ಕುದ್ಸ್ ಹೋಯ್ತು. ನನ್ನ ತಮ್ಮ ಮೂರು ತಿಂಗಳು ಸರಿಯಾಗಿ ಊಟ ಮಾಡ್ಲಿಲ್ಲ, ಗೊತ್ತಾ? ನೀವು ಇಲ್ಲಿ ಬೆಣ್ಣೆ ಹೊತ್ಕೊಂಡು ಕೂತಿದ್ದೀರಿ.”

“ಗೊತ್ತು.”

“ಬೆಳಿಗ್ಗೆ ಹಲಗೆ ಮೇಲೆ ಬಾಣ ಬಿಡೋದು ನೀವೇ. ಸಂಜೆ ಇದೂ ನೀವೇ.”

“ನಾನೇ,” ಎಂದ. ಲರ್ಬಿಯ ನೋವು ನಿಜವಾಗಿತ್ತು, ತನ್ನದೂ ಅದೇ ಆಗಿತ್ತು. ಅದನ್ನು ಹೊತ್ತುಕೊಂಡೇ ಈ ಮಣೆಯ ಮೇಲೆ ಕೂತಿರಬೇಕಾಗಿತ್ತು. ಲರ್ಬಿ ಬಾಗಿಲ ಕತ್ತಲಿನ ಕಡೆ ಕಣ್ಣು ಹಾಯಿಸಿದ. ಅಲ್ಲಿ ಹೆಂಗಸೊಬ್ಬಳು ಕೂತಿರುವುದು ಆಗಷ್ಟೇ ಕಂಡಿರಬೇಕು. ಗಡ್ಡ ಕೆರೆದುಕೊಂಡು, “ಮನೇಲಿ ತಡ ಆಗುತ್ತೆ ಅಂತ ಹೇಳ್ಲಾ ಹೋಗ್ತಾ?” ಎಂದ.

“ಹೇಳಿ. ಉಪಕಾರ ಆಗುತ್ತೆ.”

ಅವನು ಹೋದ ಮೇಲೆ ಜಿಲಾಲಿ ಬಾಗಿಲೊಳಗೆ ಬಗ್ಗಿ ನೋಡಿದ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಫ್ರೇಹಾಳ ಕೈಗಳು ಕಂಡವು. ಶನಿವಾರವಾದ್ದರಿಂದ ನೂಲಿಲ್ಲ, ಆದರೂ ಹೆಬ್ಬೆರಳು ತೋರುಬೆರಳುಗಳು ಮಡಿಲಲ್ಲಿ ಇಲ್ಲದ ರೇಷ್ಮೆಯನ್ನು ಸುತ್ತಿ ಸುತ್ತಿ ಗಂಟು ಹಾಕುತ್ತಿದ್ದವು.

“ಎಲ್ಲ ಕೇಳಿಸ್ತಾ, ಲಾಲ್ಲಾ?”

“ನನಗೆ ಕಿವುಡಿಲ್ಲ.” ಬೆರಳು ನಿಲ್ಲಲಿಲ್ಲ. “ಆ ತಮ್ಮ ಈಗ ಊಟ ಮಾಡ್ತಾನಂತಾ?”

“ಮಾಡ್ತಾನಂತೆ.”

“ಮಾಡ್ಲಿ. ಹಸ್ಕೊಂಡಿರಬಾರ್ದು ಹುಡುಗ್ರು.” ಆಮೇಲೆ ಅವಳೇ ಮಾತು ತೆಗೆದಳು. “ನಾನು ಫೆಜ್‌ನವಳು, ಗೊತ್ತಲ್ಲ. ಚಿಕ್ಕವಳಿದ್ದಾಗ ಅಲ್ಲಿ ಒಂದು ಗಲಾಟೆ ಆಯ್ತು. ಫ್ರೆಂಚರ ಮೇಲೆ ತಿರುಗಿಬಿದ್ದ ಸೈನಿಕರು ನಮ್ಮ ಕೇರಿ ಲೂಟಿ ಮಾಡಿದ್ರು. ಫ್ರೆಂಚರ ಫಿರಂಗಿ ಬಂದು ಬಿದ್ದಿದ್ದೂ ನಮ್ಮ ಕೇರಿ ಮೇಲೇ. ಸುಲ್ತಾನರು ಅರಮನೆ ಬಾಗಿಲು ತೆಗೆಸಿ ನಮ್ಮನ್ನೆಲ್ಲ ಒಳಗೆ ಬಿಟ್ರು. ಜಾಗ ಎಲ್ಲಿತ್ತು? ಪ್ರಾಣಿಗಳ ಅಂಗಳದಲ್ಲಿ. ನಮ್ಮವ್ವ ನನ್ನ ಸಿಂಹದ ಪಂಜರದ ಪಕ್ಕ ಮಲಗಿಸಿದ್ಲು. ಹೊರಗೆ ಜನ ಸಾಯ್ತಿದ್ರು, ನನಗೆ ಸಿಂಹದ್ದೇ ಹೆದರಿಕೆ. ಏನು ನಾತ ಮಗನೇ ಅದು! ಅಷ್ಟರಲ್ಲಿ ಅರಮನೆಯಿಂದ ರೊಟ್ಟಿ ಬಂತು. ಬಿಸಿ ರೊಟ್ಟಿ. ಆ ನಾತದಲ್ಲೂ ತಿಂದೆ ನೋಡು. ಇವತ್ತಿಗೂ ನನಗೆ ಅವತ್ತಿಂದು ಅಂದ್ರೆ ಮೊದಲು ನೆನಪಾಗೋದು ರೊಟ್ಟಿ, ಆಮೇಲೆ ಸಿಂಹ. ಬೇರೇದೆಲ್ಲ ದೊಡ್ಡವರು ಹೇಳಿ ಗೊತ್ತು.”

ಅವಳು ನಕ್ಕಳು. ಅದರಿಂದ ಏನನ್ನೋ ಹೇಳಬೇಕೆಂದಿರಲಿಲ್ಲ ಅವಳಿಗೆ. ಹೊತ್ತು ಕಳೆಯಬೇಕಿತ್ತು, ಅಷ್ಟೆ. ಜಿಲಾಲಿಗೆ ಮಾತ್ರ ಎದೆಯಲ್ಲಿ ಏನೋ ಸಡಿಲವಾಯಿತು. ಬಾಣಗಳು ಸುಳ್ಳಲ್ಲ. ಅವು ಈ ಓಣಿಯ ಮೇಲೂ ಹಾದುಹೋಗಿವೆ, ಎದುರುಮನೆಗೆ ಹಾಕಿದ ಬೀಗವೇ ಅದಕ್ಕೆ ಗುರುತು. ಆದರೆ ಯಾವ ಬಾಣದ ಕೆಳಗೂ ಹೀಗೆ ಇಬ್ಬರು ಕೂತಿರುತ್ತಾರೆ ಎಂಬುದನ್ನು ಎಲ್ಲಿ ಬರೆಯಬೇಕೋ ಅವನಿಗೆ ತಿಳಿದಿರಲಿಲ್ಲ. ತಾನು ಸರಿಯಾದ ಹೊತ್ತಿಗೆ ಬಂದಿದ್ದರೆ ಕತ್ತಲಿರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ, ತಟ್ಟೆ ಒಳಗೆ ಹೋಗುತ್ತಿತ್ತು, ತಾನು ಹೊರಗೆ ಉಳಿಯುತ್ತಿದ್ದ. ಈ ತಪ್ಪಿಗೆ, ಈ ಮಣೆಗೆ, ಒಳಗೆ ಬಿಡದ ಈ ಕಲ್ಲಿನ ಹೊಸ್ತಿಲಿಗೆ ಅವನು ಋಣಿಯಾದ.

“ಊರೆಲ್ಲ ಹೇಳ್ತಿದೆ, ನೀವೂ ಹೊರಟಿದ್ದೀರಿ ಅಂತ,” ಎಂದ.

“ಊರು ನಿನಗೆ ತಲೆ ಕೆಟ್ಟಿದೆ ಅಂತಾನೂ ಹೇಳುತ್ತೆ ನಾಳೆಯಿಂದ. ಚುಕ್ಕಿ ನೋಡೋ.”

“ಒಂದಿದೆ. ದೊಡ್ಡದು.”

“ದೊಡ್ಡದು ಲೆಕ್ಕಕ್ಕಿಲ್ಲ. ಸಾಧಾರಣದ್ದು ಬೇಕು.”

ಮೋಡದ ಒಂದು ಎಳೆ ಅಡ್ಡ ಬಂದಿತ್ತು. ಅವನು ಕುತ್ತಿಗೆ ನೋಯುವವರೆಗೆ ನೋಡಿದ. ನಕ್ಷತ್ರ ಹುಟ್ಟುವುದನ್ನು ಹೀಗೆ ಕಾದು ನೋಡಿದ್ದು ಇದೇ ಮೊದಲು. ಇಲ್ಲ ಇಲ್ಲ ಎಂದುಕೊಂಡ ಕಡೆಯೇ ಅದು ಮೊದಲಿನಿಂದ ಇದ್ದಂತೆ ಇರುತ್ತದೆ. “ಅಲ್ಲೊಂದು. ಮಾಡಿನ ಮೇಲೆ. ಅದರ ಪಕ್ಕ ಇನ್ನೊಂದು, ಸಣ್ಣದು. ಇರಿ... ಮತ್ತೊಂದು ಬಂತು, ಲಾಲ್ಲಾ! ಮೂರಾಯ್ತು!” ಅವನು ಎದ್ದು ನಿಂತುಬಿಟ್ಟಿದ್ದ. ದನಿ ಹುಡುಗನದಾಗಿತ್ತು.

“ಕೂಗ್ಬೇಡ್ವೋ, ಕೇರಿಯೆಲ್ಲ ನಿನ್ನ ಮಾತಿಗೆ ಒಲೆ ಹಚ್ಚಿಬಿಟ್ಟಾರು. ಅವರು ಬರ್ಲಿ.”

ಅವನು ಬಂದ. ಓಣಿಯ ತಿರುವಿನಲ್ಲಿ ಕೋಲಿನ ಸದ್ದು ಮೊದಲು, ಆಮೇಲೆ ಬಾಗಿದ ಬೆನ್ನು. ಮಖ್ಲೂಫ್ ತನ್ನ ಬಾಗಿಲಲ್ಲಿ ನಿಂತಿದ್ದವನನ್ನು ನೋಡಿದ, ತಟ್ಟೆ ನೋಡಿದ, ಬೀದಿಯಲ್ಲಿದ್ದ ಮಣೆ ನೋಡಿದ. ಏನಾಗಿದೆಯೆಂದು ಅವನಿಗೆ ಒಮ್ಮೆಗೇ ಅರ್ಥವಾಯಿತು.

“ಎಷ್ಟು ಹೊತ್ತಾಯ್ತು ಬಂದು?”

“ಬಾಂಗಿಗೆ ಬಂದ ನಿಮ್ಮ ಮೇಷ್ಟ್ರು,” ಎಂದಳು ಫ್ರೇಹಾ ಒಳಗಿಂದ. “ಅವಾಗಿಂದ ಬೀದೀಲಿ ಕೂರಿಸಿದ್ದೀನಿ. ಜನಕ್ಕೆ ಜಾತ್ರೆ.”

ಜಿಲಾಲಿ ಒಂದು ಹೆಜ್ಜೆ ಮುಂದೆ ಬಂದ. ಈಗ ಹೇಳದಿದ್ದರೆ ಎಂದಿಗೂ ಇಲ್ಲ. “ಸೀ ಮಖ್ಲೂಫ್, ಹೋದ ಜೂನಿನಲ್ಲಿ, ಅಂಚೆಕಚೇರಿ ಮುಂದೆ...”

“ತಟ್ಟೆ ಎತ್ಕೋ,” ಎಂದ ಮಖ್ಲೂಫ್.

“ನೀವು ಸಲಾಂ ಅಂದಾಗ ನಾನು...”

“ತಟ್ಟೆ ಎತ್ಕೋ ಅಂದೆ. ಹುದುಗು ನೆಲದ ಮೇಲೆ ತಣ್ಣಗಾದ್ರೆ ಏನು ರೊಟ್ಟಿ ಬರುತ್ತೆ? ಇವಳು ನನ್ನ ತಲೆ ತಿಂತಾಳೆ ಆಮೇಲೆ. ನಡಿ, ನೀನೇ ತಗೊಂಡು ಹೋಗಿ ಒಳಗಿಡು. ಬಲಗಾಲು.”

ಒಳಗೆ ದೀಪ ಹತ್ತಿತು. ಹಬ್ಬಕ್ಕೆಂದು ತೊಳೆದು ಉಜ್ಜಿದ ಮನೆ ಬರಿದಾಗಿ ಹೊಳೆಯುತ್ತಿತ್ತು. ಜಿಲಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟಾಗ ಫ್ರೇಹಾ ಬಟ್ಟೆ ಸರಿಸಿ, ಎರಡು ಕೈಯನ್ನೂ ಹಿಟ್ಟಿನಲ್ಲಿ ಮಣಿಕಟ್ಟಿನವರೆಗೆ ಮುಳುಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ತೆನೆಗಳನ್ನು ಮಖ್ಲೂಫ್ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದ. ಹಾಲು ಒಂದು ಬಟ್ಟಲಿಗೆ ಹೋಯಿತು. ಒಲೆ ಹತ್ತಿತು. ನಾದಿ ತೆಳ್ಳಗೆ ತಟ್ಟಿದ ಹಿಟ್ಟಿನ ಹಾಳೆ ಬಾಣಲೆಗೆ ಬಿದ್ದು ಚುರ್ ಎಂದಿತು, ಮನೆಯ ತುಂಬ ವಾಸನೆ ಎದ್ದಿತು. ಅವಳ ಬೆನ್ನು ಇವರ ಕಡೆಗಿತ್ತು. ಮಖ್ಲೂಫ್ ಜಿಲಾಲಿಯ ಪಕ್ಕಕ್ಕೆ ಸರಿದು ಕೂತ. ಅವನ ಬಟ್ಟೆಯಿಂದ ಹಳೆಯ ನೂಲಿನ ವಾಸನೆ ಬರುತ್ತಿತ್ತು.

“ನಿನಗೆ ಕೇಳಿಸಿತ್ತು ಅಂತ ನನಗೆ ಗೊತ್ತು,” ಎಂದ, ಒಲೆಯ ಸದ್ದಿಗಿಂತ ಕೆಳಗಿನ ದನಿಯಲ್ಲಿ. “ಕಿವಿ ಕೆಂಪಾಗಿತ್ತು.”

ಜಿಲಾಲಿ ತಲೆ ತಗ್ಗಿಸಿದ.

“ನಿಮ್ಮಪ್ಪ ಅವತ್ತು ಸಂಜೇನೂ ಬಂದು ಕೂತ. ಮಾರನೇ ದಿನಾನೂ ಬಂದ. ಜನ ಏನೇನೋ ಅಂದ್ರು ಅವನಿಗೆ, ಆದ್ರೂ ಬಂದ. ಮಗ ಹೆಂಗಿದ್ದಾನೆ ಅಂತ ನಾನೇ ಕೇಳ್ತಿದ್ದೆ. ಚೆನ್ನಾಗಿದ್ದಾನೆ, ಯಾಕೋ ಮಾತು ಕಡಿಮೆ ಮಾಡಿದ್ದಾನೆ ಅಂತಿದ್ದ.” ಅವನು ಹೆಂಡತಿಯ ಬೆನ್ನಿನ ಕಡೆ ಒಮ್ಮೆ ನೋಡಿಕೊಂಡ. “ನಾನು ಹೇಳಿಲ್ಲ. ಅವನಿಗೂ ಹೇಳಿಲ್ಲ, ಇವಳಿಗೂ ಹೇಳಿಲ್ಲ. ನೀನೂ ಹೇಳಬೇಡ. ಇವಳು ನಿನ್ನನ್ನ ಮಡಿಲಲ್ಲಿ ಆಡಿಸಿದವಳು.”

“ಏನದು ಗಂಡಸರ ಪಿಸುಪಿಸು?” ಫ್ರೇಹಾ ತಿರುಗಿದಳು.

“ಹಿಟ್ಟು ನುಣ್ಣಗಿದೆ ಅಂತಿದ್ದೆ. ರಹ್ಮಾ ಚೆನ್ನಾಗಿ ಸಾಣಿಸಿದ್ದಾಳೆ.”

“ತಿಂದು ಹೇಳಿ,” ಎಂದು ಬೆಣ್ಣೆ ಜೇನು ಸುರಿದ ಬಿಸಿ ಹಾಳೆಯನ್ನು ಸುತ್ತಿ ಮೊದಲು ಜಿಲಾಲಿಯ ಕೈಗಿಟ್ಟಳು. ಕೈ ಸುಟ್ಟಿತು. ಅವನು ಕೆಳಗಿಡಲಿಲ್ಲ. ಇಡಿಯಾಗಿ ಬಾಯಿಗೆ ತುರುಕಿಕೊಂಡ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ತುಂಬಿತು, ಜೇನು ಗಲ್ಲಕ್ಕೆ ಇಳಿಯಿತು. “ನಿಧಾನ ಕಣೋ, ಯಾರೂ ಕಿತ್ಕೊಳ್ಳಲ್ಲ,” ಎನ್ನುತ್ತ ಅವಳು ಇನ್ನೊಂದನ್ನು ಅವನ ಮುಂದಿಟ್ಟಳು. ಮಖ್ಲೂಫ್ ಬೇರೆ ಕಡೆ ನೋಡುತ್ತ ತನ್ನ ಪಾಲನ್ನು ಊದಿ ಊದಿ ಆರಿಸಿಕೊಳ್ಳುತ್ತಿದ್ದ. ಹಾಗಾದರೆ ಅಪ್ಪ ಕೊನೆಯ ದಿನ ನೋಡಿದ್ದು ಬರಿಯ ನೋಟ, ಮಗನನ್ನು ಅಪ್ಪ ನೋಡುವ ನೋಟ. ಅದು ಅವನಿಗೆ ಇವತ್ತು ಮರಳಿ ಸಿಕ್ಕಿತ್ತು. ಅದನ್ನು ಕೊಟ್ಟ ಮಖ್ಲೂಫನಿಗೆ ಅವನು ಏನನ್ನೂ ಹೇಳುವ ಹಾಗಿರಲಿಲ್ಲ, ಹೇಳಬಾರದೆಂಬುದೇ ಒಪ್ಪಂದವಾಗಿತ್ತು. ಅವನು ಎರಡನೆಯದನ್ನೂ ಕೈಗೆತ್ತಿಕೊಂಡ.